ರಂಜಿತ್ ಓಡಿಸಿದರೆ ಮಾತ್ರ ನಿಲ್ಲುವ ಲಾರಿ

ಹೇಳಿಕೆ ಕೊಟ್ಟವರ ಹೆಸರು ಶಮೀರಾ, ಗಂಡನ ಹೆಸರು ಅಬೂಬಕರ್, ವಯಸ್ಸು 49 ವರ್ಷ, ಉದ್ಯೋಗ ಅಡುಗೆ ಸರಬರಾಜು ವ್ಯಾಪಾರ, ಸ್ವಂತ ಊರು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹಾಲಿ ವಾಸ ತಬೂಕ್ ನಗರದ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ನಮ್ಮ ಅಡುಗೆ ಕೇಂದ್ರದ ಮೇಲಿನ ಮಹಡಿ.

ಕ್ಯಾಪ್ಟನ್ ಅಬ್ದುಲ್ ಹಕೀಮ್ ಅವರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನಗೆ ಬರುವುದು ಮಾರುಕಟ್ಟೆಯ ಅರಬ್ಬಿ. ಈರುಳ್ಳಿ ಚೌಕಾಸಿಗೆ ಅದು ಸಾಕು, ಒಬ್ಬ ಮನುಷ್ಯನನ್ನು ಲಾಕಪ್ಪಿನಿಂದ ಬಿಡಿಸಲು ಸಾಲದು. ಆದ್ದರಿಂದ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಹೇಳುತ್ತಿದ್ದೇನೆ. ಭಾಷಾಂತರಕ್ಕೆ ಕುಳಿತಿರುವ ಮೈಸೂರಿನ ವರ್ಷಾ ಅವರು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಅರಬ್ಬಿಗೆ ತಿರುಗಿಸುತ್ತಾರೆ. ನನ್ನ ಬಾಯಿ ಸ್ವಲ್ಪ ಉದ್ದ, ಬೇಡದ್ದನ್ನು ಬಿಟ್ಟುಬಿಡಿ ಎಂದು ಅವರಿಗೆ ಹೇಳಿದೆ. ಹೇಳಿಕೆಯಲ್ಲಿ ಹಾಗೆಲ್ಲ ಬಿಡುವಂತಿಲ್ಲ ಎಂದರು. ಹಾಗಾದರೆ ಪೂರ್ತಿ ಬರೆಯಲಿ.

ನನ್ನ ಗಂಡನ ತಮ್ಮ ಝುಹೈರ್ ಇದೇ ಫೆಬ್ರವರಿ 5ರಂದು ಈ ಠಾಣೆಗೆ ಬಂದು, ನಮ್ಮ ಲಾರಿಯ ಡ್ರೈವರ್ ರಂಜಿತ್ ಬೇಕೆಂದೇ ದಾರಿಯಲ್ಲಿ ಲಾರಿ ಕೆಡಿಸಿ ನಿಲ್ಲಿಸುತ್ತಿದ್ದಾನೆ ಎಂದು ದೂರು ಕೊಟ್ಟಿದ್ದಾನೆ. ಅಂದಿನಿಂದ ರಂಜಿತ್ ಇಲ್ಲಿಯೇ ಇದ್ದಾನೆ. ಆರೋಪ ನಿಂತರೆ ಅವನಿಗೆ ಜೈಲು, ಆಮೇಲೆ ಬೆರಳಚ್ಚು ಒತ್ತಿಸಿ ಊರಿಗೆ ವಾಪಸು. ಮತ್ತೆ ಈ ದೇಶಕ್ಕೆ ಅವನು ಕಾಲಿಡುವಂತಿಲ್ಲ. ಲಾರಿ ನಮ್ಮ ಕಂಪನಿಯದು, ಕಂಪನಿ ನನ್ನ ಹೆಸರಿನಲ್ಲಿದೆ. ಲಾರಿ ಏಕೆ ನಿಲ್ಲುತ್ತಿತ್ತು ಎಂಬುದು ನಿನ್ನೆ ಗೊತ್ತಾಗಿದೆ. ಅದನ್ನು ಹೇಳಲು ಬಂದಿದ್ದೇನೆ.

ನನ್ನ ಗಂಡ ದಮ್ಮಾಮಿನಲ್ಲಿ ನಮ್ಮ ಇನ್ನೊಂದು ಅಡುಗೆ ಕೇಂದ್ರ ನೋಡಿಕೊಳ್ಳುತ್ತಾರೆ. ಹೆಚ್ಚಾಗಿ ಅವರು ನನಗೆ ಫೋನಿನಲ್ಲಿ ಮಾತ್ರ ಗಂಡ. ಇಲ್ಲಿನ ಕೆಲಸ ನಾನು ಮತ್ತು ಝುಹೈರ್ ನಡೆಸುತ್ತೇವೆ. ಪಶ್ಚಿಮದ ಮರಳು ಬೆಟ್ಟಗಳ ಕಡೆ ಹೊಸ ರಸ್ತೆ ಹಾಕುವವರ ಕ್ಯಾಂಪ್ ಒಂದಿದೆ. ಅಲ್ಲಿನ 140 ಜನರಿಗೆ ಮಧ್ಯಾಹ್ನದ ಊಟ ನಮ್ಮದು. ದೂರ 58 ಕಿಲೋಮೀಟರ್. ಅದರಲ್ಲಿ ಮೊದಲ ಇಪ್ಪತ್ತು ಮಾತ್ರ ಡಾಂಬರು, ಉಳಿದದ್ದು ಮರಳು ದಾರಿ. ಮೊದಲ ವಾರವೇ ನಮ್ಮ ಪಿಕಪ್ ಎರಡು ಸಲ ಹೂತುಹೋಯಿತು. ಆಗ ಝುಹೈರ್ ಹರಾಜಿಗೆ ಹೋಗಿ, ಸೈನ್ಯ ಬೇಡವೆಂದು ಮಾರಿದ್ದ ಹಳೆಯ ಆರು ಚಕ್ರದ ಲಾರಿಯೊಂದನ್ನು ತಂದ. ಆರೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿ. ಹಸಿರು ಬಣ್ಣ ಕೆರೆಸಿ ಬಿಳಿ ಹೊಡೆಸಿದೆವು, ಹಿಂದೆ ದೇಗುಗಳನ್ನಿಡಲು ಕೋಣೆಯಂಥ ದೊಡ್ಡ ಊಟದ ಡಬ್ಬಿ ಕಟ್ಟಿಸಿದೆವು. ನೋಂದಣಿ ಪತ್ರವಾದ ಇಸ್ತಿಮಾರಾ ಸರಿಯಾಗಿದೆ, ಪ್ರತಿ ಕೊಟ್ಟಿದ್ದೇನೆ. ಅಡುಗೆಯವರೆಲ್ಲ ಅದನ್ನು ಅಸ್ಕರಿ ಎಂದು ಕರೆಯುತ್ತಾರೆ, ಅಂದರೆ ಸಿಪಾಯಿ. ನೋಡಲು ಒರಟು, ಆದರೆ ಮರಳಿನಲ್ಲಿ ಅದರ ನಡಿಗೆ ನೋಡಿದ ದಿನ ಝುಹೈರನ ಮೇಲೆ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಅವನ ಮೇಲೆ ಸಿಟ್ಟಿದೆ ಎಂದು ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಡ್ರೈವರ್ ರಂಜಿತ್, ವಯಸ್ಸು 38, ಮಲ್ಪೆಯವನು. ಊರಿನಲ್ಲಿ ಹದಿನಾಲ್ಕು ವರ್ಷ ಮೀನುಗಾರಿಕೆಯ ಬೋಟಿನಲ್ಲಿದ್ದವನು. ಇಲ್ಲಿಗೆ ಬಂದು ದೊಡ್ಡ ಗಾಡಿಯ ಲೈಸನ್ಸ್ ಮಾಡಿಕೊಂಡ. ಮಾತು ಕಡಿಮೆ, ಗಾಡಿಯ ಹತ್ತಿರ ಮಾತ್ರ ಏನೋ ಗೊಣಗುತ್ತಿರುತ್ತಾನೆ. ಡಿಸೆಂಬರಿನಲ್ಲಿ ಒಮ್ಮೆ ನನ್ನ ಬಳಿ ಬಂದು, ರಾಬಿಗ್ ಕಡೆ ಸಮುದ್ರದ ಬದಿಯಲ್ಲಿ ಒಂದು ಕೆಲಸವಿದೆ, ನನ್ನ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಅಲ್ಲಿಗೆ ವರ್ಗಾಯಿಸಿ ಕೊಡುವಿರಾ ಎಂದು ಕೇಳಿದ್ದ. ಇಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದೆ. ಏನೂ ಇಲ್ಲ ಅಕ್ಕ, ಇಲ್ಲಿನ ಗಾಳಿಯಲ್ಲಿ ಉಪ್ಪಿಲ್ಲ ಎಂದ. ರಂಜಾನ್ ಮುಗಿಯಲಿ, ನೋಡೋಣ ಎಂದೆ. ಸರಿ ಎಂದು ಹೋದವನು ಮತ್ತೆ ಆ ಸುದ್ದಿ ಎತ್ತಿಲ್ಲ. ಈ ಮಾತುಕತೆ ಝುಹೈರನಿಗೂ ಗೊತ್ತಿತ್ತು.

ಲಾರಿ ಮೊದಲ ಸಲ ನಿಂತದ್ದು ಧೂಳಿನ ಗಾಳಿ ಶುರುವಾದ ಜನವರಿ 12ರಂದು. ಮರಳು ದಾರಿಯಲ್ಲಿ ಹನ್ನೆರಡು ಹದಿಮೂರು ಕಿಲೋಮೀಟರ್ ಹೋದ ಮೇಲೆ ಎಂಜಿನ್ ಶಕ್ತಿ ಕಳೆದುಕೊಂಡು, ಕೆಮ್ಮಿ, ನಿಂತುಬಿಟ್ಟಿತು. ಅರ್ಧ ಗಂಟೆ ಬಿಟ್ಟು ಡೀಸೆಲ್ಲಿನ ಕೈಪಂಪು ಒತ್ತಿದರೆ ಏನೂ ಆಗದವರಂತೆ ಹೊರಟಿತು. ಆಮೇಲೆ ಗಾಳಿ ಬೀಸಿದ ದಿನವೆಲ್ಲ ಇದೇ ಕಥೆ. ಊಟ ತಡವಾಗುವುದು, ಕ್ಯಾಂಪಿನ ಮೇಲ್ವಿಚಾರಕರ ಫೋನು ಬರುವುದು, ನಾನು ಕ್ಷಮೆ ಕೇಳುವುದು. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲದ ಕೆಲಸ.

ನಮ್ಮ ಪರಿಚಯದ ನಾಗಾರ್ಜುನ ಎಂಬವರು ಇಲ್ಲಿನ ಒಂದು ದೊಡ್ಡ ತೋಟದಲ್ಲಿ ಪಂಪು, ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಅವರೂ ಮೈಸೂರಿನವರು. ಶುಕ್ರವಾರ ಊಟಕ್ಕೆ ಬರುತ್ತಾರೆ, ಊಟಕ್ಕಿಂತ ಹೆಚ್ಚಾಗಿ ಲಾರಿ ನೋಡಲು ಬರುತ್ತಾರೆ. ಅವರು ಒಂದೊಂದಾಗಿ ಎಲ್ಲವನ್ನೂ ಪರೀಕ್ಷಿಸಿದರು. ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಟ್ಯಾಂಕ್ ಖಾಲಿ ಮಾಡಿ ತೊಳೆಸಿದರು. ಪೈಪುಗಳಲ್ಲಿ ಎಲ್ಲಾದರೂ ಗಾಳಿ ಸೇರುತ್ತಿದೆಯೇ ಎಂದು ಒಂದೊಂದು ಕೀಲನ್ನೂ ನೋಡಿದರು. ಡೀಸೆಲ್ ಪಂಪನ್ನೇ ಬದಲಾಯಿಸಿದರು. ಆ ಪಂಪು ಸಿಗಲು ಎಂಟು ದಿನ ಬೇಕಾಯಿತು, ಯಾಕೆಂದರೆ ಈ ಲಾರಿಯ ವಯಸ್ಸಿನವರೆಲ್ಲ ಈಗಾಗಲೇ ಗುಜರಿ ಸೇರಿದ್ದಾರೆ. ಪ್ರತಿ ಸಲವೂ ನಾಗಾರ್ಜುನ ಅವರು ತಾವೇ ಕ್ಯಾಂಪಿನವರೆಗೆ ಓಡಿಸಿ ನೋಡುತ್ತಿದ್ದರು. ಲಾರಿ ನಿಲ್ಲುತ್ತಿರಲಿಲ್ಲ. ಒಂದು ದಿನ ಝುಹೈರ್ ಓಡಿಸಿದ. ಆಗಲೂ ನಿಲ್ಲಲಿಲ್ಲ. ಮರುದಿನ ರಂಜಿತ್ ಹತ್ತಿದ. ನಿಂತಿತು.

ಫೆಬ್ರವರಿ 5ರ ಬುಧವಾರ ಧೂಳಿನ ಗಾಳಿ ಜೋರಾಗಿತ್ತು. ಅಂದು ಲಾರಿ ಹೋಗುವಾಗಲೇ ಎರಡು ಸಲ ಗಂಟೆಗಟ್ಟಲೆ ನಿಂತು, ಹನ್ನೆರಡೂವರೆಗೆ ತಲುಪಬೇಕಾದ ಊಟ ಮೂರೂ ಮುಕ್ಕಾಲಿಗೆ ತಲುಪಿತು. ಅಷ್ಟರಲ್ಲಿ ಬೆಳಗಿನಿಂದ ಕಲ್ಲು ಹೊತ್ತವರು ಬ್ರೆಡ್ಡು ತಿಂದು ನೀರು ಕುಡಿದು ಮತ್ತೆ ಕೆಲಸಕ್ಕೆ ಹೋಗಿದ್ದರು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ಗೊತ್ತು ಮಾಡುತ್ತೇವೆ ಎಂದು ಮೇಲ್ವಿಚಾರಕರು ಝುಹೈರನಿಗೆ ಹೇಳಿದರು. ಅವನಿಗೆ ತಲೆ ಕೆಟ್ಟಿತು. ನಾಗಾರ್ಜುನ ಅವರಿಗೆ ಫೋನ್ ಮಾಡಿ ಲಾರಿಯಲ್ಲಿ ದೋಷ ಉಂಟೋ ಇಲ್ಲವೋ ಎಂದು ಕೇಳಿದ. ತನಗೆ ಕಂಡ ಮಟ್ಟಿಗೆ ಏನೂ ಇಲ್ಲ ಎಂದು ಅವರು ಹೇಳಿದರು. ಅಷ್ಟು ಕೇಳಿದ್ದೇ ನೇರ ಠಾಣೆಗೆ ಬಂದಿದ್ದಾನೆ. ನನಗೆ ಗೊತ್ತಾದದ್ದು ಪೊಲೀಸರು ರಂಜಿತ್‌ನನ್ನು ಅಂಗಳದಿಂದ ಕರೆದುಕೊಂಡು ಹೋಗುವಾಗ. ಅವನ ಕೈಯಲ್ಲಿ ಆಗ ತೊಳೆಯುವ ಬ್ರಷ್ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟು ಹೋದ.

ಏಕೆ ಹೀಗೆ ಮಾಡಿದೆ ಎಂದು ಝುಹೈರನನ್ನು ಕೇಳಿದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯಿರಿ ಎಂದು ವರ್ಷಾ ಅವರಿಗೆ ಹೇಳಿದ್ದೇನೆ. "ಭಾಬಿ, ಅವನಿಗೆ ರಾಬಿಗ್‌ಗೆ ಹೋಗ್ಬೇಕು. ನಾವೇ ಬೇಸತ್ತು ಕಳಿಸ್ಲಿ ಅಂತ ಡೀಸೆಲ್ ಬಂದ್ ಮಾಡ್ತಾನೆ. ನಾನು ಓಡಿಸಿದ್ರೆ ಓಡ್ತದೆ, ನಾಗಾರ್ಜುನ ಸರ್ ಓಡಿಸಿದ್ರೆ ಓಡ್ತದೆ. ಅವನಿಗೆ ಮಾತ್ರ ಎಂತಕ್ಕೆ ನಿಲ್ತದೆ ಹೇಳಿ?" ನನಗೆ ಸಿಟ್ಟು ಬಂತು. ಎರಡು ದಿನ ಅವನ ಊಟ ಮೇಜಿನ ಮೇಲಿಟ್ಟು ಮಾತಾಡದೆ ಒಳಗೆ ಹೋದೆ. ನನಗೂ ಅನುಮಾನ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ರಂಜಿತ್ ಇಲ್ಲದೆ ಝುಹೈರ್ ಓಡಿಸಿದ ಅಷ್ಟೂ ದಿನ ಲಾರಿ ಗಡಿಯಾರದಂತೆ ಹೋಗಿ ಬರುತ್ತಿತ್ತು. ಅದು ಸರಿಯಾಗಿ ಓಡಿದಷ್ಟೂ ನನ್ನ ಅನುಮಾನ ಬೆಳೆಯುತ್ತಿತ್ತು.

ಫೆಬ್ರವರಿ 9ರಂದು ಅನುಮತಿ ಪಡೆದು ರಂಜಿತ್‌ನನ್ನು ಇಲ್ಲಿ ಭೇಟಿ ಮಾಡಿದೆ. ಗಡ್ಡ ಬೆಳೆದಿತ್ತು. ನೀನೇ ನಿಲ್ಲಿಸುತ್ತಿದ್ದೆಯಾ ಎಂದು ಮುಖ ನೋಡಿ ಕೇಳಿದೆ. "ಅಕ್ಕ, ನಡು ಸಮುದ್ರದಲ್ಲಿ ಇಂಜಿನ್ ನಿಂತ್ರೆ ಎಂತ ಆಗ್ತದೆ ಅಂತ ನೋಡಿದವ ನಾನು. ಇಂಜಿನ್ ಜೊತೆ ಆಟ ಆಡುವ ಬುದ್ಧಿ ನಮ್ಗೆ ಇಲ್ಲ" ಎಂದ. ಹಾಗಾದರೆ ಬೆಳಿಗ್ಗೆ ಹೊರಡುವ ಮೊದಲು ಏನೇನು ಮಾಡುತ್ತೀಯ, ಎಲ್ಲ ಹೇಳು ಎಂದೆ. ಆಯಿಲ್ ನೋಡುವುದು, ರೇಡಿಯೇಟರಿಗೆ ನೀರು, ಆರೂ ಟಯರಿನ ಗಾಳಿ, ಬ್ರೇಕಿನ ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರು ಬಿಡುವುದು, ಡೀಸೆಲ್ ತುಂಬಿಸುವುದು, ಇಷ್ಟು ಹೇಳಿದ. ಇದರಲ್ಲಿ ತಪ್ಪು ಯಾವುದೂ ಕಾಣಲಿಲ್ಲ. ನಾಗಾರ್ಜುನ ಅವರಿಗೆ ಒಪ್ಪಿಸಿದೆ. ಅವರೂ ಸರಿಯಾಗಿಯೇ ಇದೆಯಲ್ಲ ಮೇಡಂ ಎಂದರು. ಆದರೆ ಇನ್ನೂ ಒಂದು ಮಾತು ಹೇಳಿದರು. ನಾವು ಮಾಡದ, ಅವನು ಮಾಡುವ ಏನೋ ಒಂದು ಇದೆ, ಅದು ಸಿಗುವವರೆಗೆ ಅವನನ್ನು ಕಳ್ಳ ಎನ್ನುವುದು ಬೇಡ ಎಂದರು.

ಅಂದು ಸಂಜೆ ಅಡುಗೆ ಕೇಂದ್ರದಲ್ಲಿ ನಿಂತಿದ್ದಾಗ ನನಗೆ ಹೊಳೆದದ್ದು ಇಷ್ಟು. ಅಡುಗೆಯವನನ್ನು ಕರೆದು, ಇದನ್ನು ಹೇಗೆ ಮಾಡಿದೆ ಎಂದು ಕೇಳಿದರೆ ಅವನು ಉಪ್ಪಿನ ಹೆಸರೇ ಎತ್ತುವುದಿಲ್ಲ. ಉಪ್ಪು ಹಾಕಿಯೇ ಇರುತ್ತಾನೆ. ಅದೂ ಹೇಳುವ ವಿಷಯ ಎಂದು ಅವನಿಗೆ ತೋಚುವುದಿಲ್ಲ. ಅವನ ಪಕ್ಕ ನಿಂತು ನೋಡಿದರೆ ಮಾತ್ರ ಕೈ ಉಪ್ಪಿನ ಡಬ್ಬಿಗೆ ಹೋಗುವುದು ಕಾಣುತ್ತದೆ. ಹಾಗಾಗಿ ರಂಜಿತ್‌ನನ್ನು ಹೇಳಿಸುವುದರಲ್ಲಿ ಪ್ರಯೋಜನವಿಲ್ಲ, ಅವನಿಂದ ಮಾಡಿಸಿ ನೋಡಬೇಕು ಎಂದುಕೊಂಡೆ.

ಮರುದಿನದಿಂದ ಕ್ಯಾಪ್ಟನ್ ಅವರ ಬಾಗಿಲಿಗೆ ಬಂದು ಕುಳಿತೆ. ಆರೋಪಿಯನ್ನು ಒಮ್ಮೆ ನಮ್ಮ ಅಂಗಳಕ್ಕೆ ಕರೆತನ್ನಿ, ನಿಮ್ಮ ಎದುರೇ ಅವನು ಲಾರಿ ಸಿದ್ಧ ಮಾಡಲಿ ಎಂದು ಬೇಡಿಕೊಂಡೆ. ಅವರು ಆಗುವುದಿಲ್ಲ ಎಂದರು. ಮತ್ತೆ ಬಂದೆ. ಮೂರನೆಯ ಸಲಕ್ಕೆ, ಈ ಹೆಂಗಸಿಗೆ ಕಾವಾ ಕಾಫಿ ಕೊಡಿ ಎಂದು ಪೇದೆಗೆ ಹೇಳಿದರು. ನಾಲ್ಕನೆಯ ಸಲಕ್ಕೆ, ಶುಕ್ರವಾರ ಬರುತ್ತೇನೆ ಎಂದರು. ಅವರ ತಾಳ್ಮೆಗೆ ನಾನು ಋಣಿ. ಇದನ್ನು ಬರೆಯಬೇಡಿ ಎಂದು ಕ್ಯಾಪ್ಟನ್ ಈಗ ಹೇಳುತ್ತಿದ್ದಾರೆ, ಆದರೆ ವರ್ಷಾ ಅವರು ಆಗಲೇ ಬರೆದಾಗಿದೆ.

ನಿನ್ನೆ, ಫೆಬ್ರವರಿ 14ರ ಶುಕ್ರವಾರ ಬೆಳಿಗ್ಗೆ 7 ಗಂಟೆಗೆ ಕ್ಯಾಪ್ಟನ್ ಅವರು ಒಬ್ಬ ಪೇದೆಯೊಂದಿಗೆ ರಂಜಿತ್‌ನನ್ನು ನಮ್ಮ ಅಂಗಳಕ್ಕೆ ಕರೆತಂದರು. ನಾನು, ಝುಹೈರ್, ನಾಗಾರ್ಜುನ ಮೂವರೂ ಇದ್ದೆವು. ಕ್ಯಾಂಪಿಗೆ ಅಂದು ರಜೆ, ಊಟ ಹೋಗುವುದಿಲ್ಲ. ಗಾಳಿ ಬೀಸುತ್ತಿತ್ತು. ಯಾರೂ ಏನೂ ಕೇಳಬಾರದು, ಅವನು ದಿನವೂ ಮಾಡುವಂತೆ ಮಾಡಲಿ ಎಂದು ಕ್ಯಾಪ್ಟನ್ ಆಜ್ಞೆ ಮಾಡಿದರು. ರಂಜಿತ್ ಆಯಿಲ್ ನೋಡಿದ, ನೀರು ನೋಡಿದ, ಟಯರುಗಳನ್ನು ಕಾಲಿನಿಂದ ಒದ್ದು ನೋಡಿದ, ಬ್ರೇಕಿನ ನೀರು ಬಿಟ್ಟ, ಡೀಸೆಲ್ ತುಂಬಿಸಿ ಮುಚ್ಚಳ ಬಿಗಿ ಮಾಡಿದ. ಹೇಳಿದ್ದೆಲ್ಲ ಮುಗಿಯಿತು. ಅಷ್ಟರಲ್ಲಿ ಅವನು ಸೀಟಿನ ಹಿಂದಿನಿಂದ ಹಳೆಯ ಲುಂಗಿಯ ತುಂಡೊಂದನ್ನು ಎಳೆದು, ನಲ್ಲಿಯಲ್ಲಿ ಒದ್ದೆ ಮಾಡಿ ಹಿಂಡಿ, ಕ್ಯಾಬಿನ್ನಿಗೂ ಊಟದ ಡಬ್ಬಿಗೂ ನಡುವಿನ ಸಂದಿಗೆ ಹತ್ತಿ, ಅಲ್ಲಿ ಮೇಲಕ್ಕೆ ಬಂದಿರುವ ಒಂದು ಸಪುರ ಪೈಪಿನ ಬಾಯಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ನಂತರ ಇಳಿದು ಬಂದು, ಆಯಿತು, ಹೋಗುವ ಎಂದ.

ಆ ಪೈಪು ಡೀಸೆಲ್ ಟ್ಯಾಂಕಿನದು. ಡೀಸೆಲ್ ಖರ್ಚಾದ ಹಾಗೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು, ಅದಕ್ಕಾಗಿ ಇರುವುದು. ಸೈನ್ಯದವರು ಲಾರಿಯನ್ನು ನೀರಿಗೂ ಇಳಿಸುತ್ತಾರಂತೆ. ಒಳಗೆ ನೀರು ಹೋಗದಿರಲೆಂದು ಪೈಪನ್ನು ಅಷ್ಟು ಎತ್ತರಕ್ಕೆ ಒಯ್ದು, ಟ್ಯಾಂಕಿನ ಮುಚ್ಚಳದಲ್ಲಿ ಒಂದು ತೂತೂ ಇಲ್ಲದಂತೆ ಮಾಡಿದ್ದಾರೆ. ಇದನ್ನೆಲ್ಲ ನಾಗಾರ್ಜುನ ಅವರು ಆಮೇಲೆ ವಿವರಿಸಿದರು. ಆ ಗಳಿಗೆಯಲ್ಲಿ ಅವರು ಬಾಯಿ ತೆರೆದವರು, ಕ್ಯಾಪ್ಟನ್ ಅವರ ಮುಖ ನೋಡಿ ಹಾಗೆಯೇ ಮುಚ್ಚಿಕೊಂಡರು. ಆ ಸಂದಿಯಲ್ಲಿ ಅಡುಗೆಯವರು ಯಾವಾಗಲೂ ನಾಲ್ಕಾರು ಒರೆಸುವ ಬಟ್ಟೆ ಒಣಹಾಕಿರುತ್ತಾರೆ. ಇನ್ನೊಂದು ಬಟ್ಟೆ ಯಾರ ಕಣ್ಣಿಗೆ ಬೀಳಬೇಕು?

ಏಕೆ ಕಟ್ಟಿದೆ ಎಂದು ಕ್ಯಾಪ್ಟನ್ ಕೇಳಿದರು. "ಕಟ್ಟುದೇ ಅಲ್ವಾ? ಬೋಟಿನಲ್ಲಿ ಗಾಳಿ ಪೈಪಿಗೆ ಬಟ್ಟೆ ಕಟ್ಟದೆ ಯಾರೂ ಹೊರಡುದಿಲ್ಲ. ಅಲೆ ಹೊಡೆದ್ರೆ ಡೀಸೆಲಿಗೆ ನೀರು ಬೀಳ್ತದೆ. ದಕ್ಕೆಗೆ ಬಂದ ಮೇಲೆ ಬಿಚ್ಚುದು, ಇಲ್ಲಿ ಅಂಗಳಕ್ಕೆ ಬಂದ ಮೇಲೆ" ಎಂದ. ನಾನೇ ಅದನ್ನು ನನ್ನ ಅರಬ್ಬಿಯಲ್ಲಿ ಹೇಳಿದೆ. ಇಲ್ಲಿಂದ ಸಮುದ್ರ ಎಷ್ಟು ದೂರ ಎಂದು ಕ್ಯಾಪ್ಟನ್ ಕೇಳಿದರು. ರಂಜಿತ್ ಯೋಚಿಸಿ, ಪಶ್ಚಿಮಕ್ಕೆ ಕೈ ತೋರಿಸಿ, ಒಂದು ಇನ್ನೂರು ಕಿಲೋಮೀಟರ್ ಇರಬಹುದು ಎಂದ. ಆಮೇಲೆ, ಇಲ್ಲಿ ಅಲೆಯ ಬದಲು ಧೂಳು, ಒಣ ಬಟ್ಟೆಯಲ್ಲಿ ಧೂಳು ನಿಲ್ಲುವುದಿಲ್ಲ, ಅದಕ್ಕೇ ಗಾಳಿ ಇದ್ದ ದಿನ ಒದ್ದೆ ಮಾಡುತ್ತೇನೆ ಎಂದೂ ಸೇರಿಸಿದ. ಕ್ಯಾಪ್ಟನ್ ಅವರು ನಗು ಅಡಗಿಸಲು ಗೋಡೆಯ ಕಡೆ ತಿರುಗಿದರು.

ಬಟ್ಟೆ ಬಿಚ್ಚದೆ ಹಾಗೆಯೇ ಹೊರಟೆವು. ರಂಜಿತ್ ಓಡಿಸಿದ, ಕ್ಯಾಪ್ಟನ್ ಮತ್ತು ಪೇದೆ ಅವನ ಪಕ್ಕದಲ್ಲಿ ಕುಳಿತರು. ನಾವು ಮೂವರು ಪಿಕಪ್ಪಿನಲ್ಲಿ ಹಿಂದೆ ಹೋದೆವು. ನಿಲ್ಲಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಈ ಲಾರಿ ನಿಲ್ಲದಿರಲಿ ಎಂದು ಒಂದು ತಿಂಗಳಿಂದ ಬೇಡಿದವಳು ನಾನೇ. ಡಾಂಬರು ಮುಗಿದು ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಲಾರಿ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತಿತು. ಪಿಕಪ್ಪಿನ ದಾರಿಯೂ ಅಲ್ಲಿಗೇ ಕೊನೆ, ಮುಂದೆ ಆಳದ ಮರಳು.

ಟ್ಯಾಂಕಿನ ಮುಚ್ಚಳ ತೆಗೆಯಲು ಕ್ಯಾಪ್ಟನ್ ಅವರು ಝುಹೈರನಿಗೇ ಹೇಳಿದರು. ಅವನು ಎರಡೂ ಕೈ ಹಾಕಿ ತಿರುಗಿಸಬೇಕಾಯಿತು. ಮುಚ್ಚಳ ಸಡಿಲವಾದದ್ದೇ ಟ್ಯಾಂಕು ಉದ್ದನೆಯ ಉಸಿರು ಎಳೆದುಕೊಂಡಿತು, ಅದರ ತಗಡು ಡಬ್ ಎಂದು ಹೊರಗೆ ಬಂದು ಸರಿಯಾಯಿತು. ಆ ಸದ್ದು ನನಗೆ ಗೊತ್ತು. ಬಿರಿಯಾನಿಯ ದೊಡ್ಡ ದೇಗಿನ ಬಾಯಿಗೆ ಹಿಟ್ಟು ಮೆತ್ತಿ ದಮ್ ಹಾಕಿರುತ್ತೇವೆ. ತೆರೆಯಲು ಮರೆತು ಅದು ತಣ್ಣಗಾದರೆ ಮುಚ್ಚಳ ಕಚ್ಚಿಕೊಂಡು ಬಿಡುತ್ತದೆ, ಚಾಕುವಿನ ತುದಿ ತೂರಿಸಿದಾಗ ಇದೇ ಸದ್ದು ಮಾಡಿ ಬಿಡುತ್ತದೆ. ನಾಗಾರ್ಜುನ ಅವರು ಮೇಲೆ ಹತ್ತಿ ಬಟ್ಟೆ ಬಿಚ್ಚಿ ತಂದರು. ಧೂಳು ಕುಡಿದು, ಒಣಗಿ, ಸಗಣಿ ಬೆರಣಿಯಷ್ಟು ಗಟ್ಟಿಯಾಗಿತ್ತು. ಒಳಗೆ ಗಾಳಿ ಇಲ್ಲದೆ ಡೀಸೆಲ್ ಹೊರಗೆ ಬರಲಾರದು, ಅರ್ಧ ಗಂಟೆ ಬಿಟ್ಟರೆ ಸಂದಿಗಳಿಂದ ಅಷ್ಟಿಷ್ಟು ಗಾಳಿ ಸೇರಿ ಮತ್ತೆ ಓಡುತ್ತದೆ ಎಂದು ಅವರು ಕ್ಯಾಪ್ಟನ್ ಅವರಿಗೆ ತಿಳಿಸಿದರು. ಒಂದು ತಿಂಗಳು ನಾನು ನೋಡಿದ್ದೆಲ್ಲ ಕೆಳಗೆ, ಒಮ್ಮೆಯೂ ಮೇಲೆ ನೋಡಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಮುಚ್ಚಳ ಹಾಕಿ ಕೈಪಂಪು ಒತ್ತಿ ಸ್ಟಾರ್ಟ್ ಮಾಡಿದೆವು. ಬಟ್ಟೆ ಇಲ್ಲದೆ ರಂಜಿತ್‌ನೇ ಕ್ಯಾಂಪಿನವರೆಗೆ ಓಡಿಸಿಕೊಂಡು ಹೋಗಿ ವಾಪಸು ತಂದ. ಅದೇ ಗಾಳಿ, ಅದೇ ಧೂಳು. ಲಾರಿ ಎಲ್ಲಿಯೂ ನಿಲ್ಲಲಿಲ್ಲ. ಕ್ಯಾಪ್ಟನ್ ಅವರು ಉದ್ದಕ್ಕೂ ಅದರಲ್ಲೇ ಇದ್ದರು.

ಅಂಗಳಕ್ಕೆ ಬಂದ ಮೇಲೆ ರಂಜಿತ್ ಆ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಾಗಾದ್ರೆ ನಿಲ್ಲಿಸಿದ್ದು ನಾನೇ ಅಕ್ಕ" ಎಂದ. ಹೌದು ಮಾರಾಯ, ನೀನೇ, ಗಾಡಿ ಹಾಳಾಗದಿರಲಿ ಅಂತ ನಿಲ್ಲಿಸಿದ್ದು ಎಂದೆ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಝುಹೈರ್ ನಗಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಪೇದೆ ರಂಜಿತ್‌ನನ್ನು ಮತ್ತೆ ಜೀಪಿಗೆ ಹತ್ತಿಸಿದಾಗ ಝುಹೈರ್ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತ. ಇಂದು ಬೆಳಿಗ್ಗೆ ಯಾರೂ ಹೇಳದೆ ಬೇಗ ಎದ್ದು ಊಟದ ದೇಗುಗಳನ್ನೆಲ್ಲ ತಾನೇ ಲಾರಿಗೆ ಹತ್ತಿಸಿದ್ದಾನೆ.

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ರಂಜಿತ್ ಮೇಲೆ ನನ್ನ ಅಥವಾ ನನ್ನ ಕಂಪನಿಯ ದೂರು ಯಾವುದೂ ಇಲ್ಲ. ರಾಬಿಗ್‌ಗೆ ಹೋಗಬೇಕೆಂದು ಕೇಳಿದ್ದು ಅಪರಾಧವಲ್ಲ. ರಂಜಾನ್ ಕಳೆದ ಮೇಲೂ ಅವನಿಗೆ ಸಮುದ್ರವೇ ಬೇಕೆನಿಸಿದರೆ ವರ್ಗಾವಣೆಗೆ ನಾನು ಒಪ್ಪಿಗೆ ಕೊಡುತ್ತೇನೆ. ಇದನ್ನು ಎಲ್ಲರ ಎದುರು ಹೇಳುತ್ತಿದ್ದೇನೆ. ದೂರು ವಾಪಸಾದರೂ ಅವನನ್ನು ಬಿಡಬೇಕಾದರೆ ಒಬ್ಬರು ಜವಾಬ್ದಾರಿ ಹೊತ್ತು ಸಹಿ ಹಾಕಬೇಕು ಎಂದು ಕ್ಯಾಪ್ಟನ್ ಹೇಳಿದ್ದಾರೆ. ನಾನು ಹಾಕುತ್ತೇನೆ. ಲಾರಿ ಈಗ ಠಾಣೆಯ ಹೊರಗೆ ನಿಂತಿದೆ, ಒಳಗೆ 140 ಜನರ ಊಟ ಬಿಸಿಯಾಗಿದೆ. ಝುಹೈರ್ ಇಲ್ಲಿಯವರೆಗೆ ಓಡಿಸಿಕೊಂಡು ಬಂದವನು, ಈಗ ಇಳಿದು ಪಕ್ಕದ ಸೀಟಿಗೆ ಹೋಗಿ ಕುಳಿತಿದ್ದಾನೆ. ಹತ್ತೂವರೆಯ ಒಳಗೆ ಹೊರಡದಿದ್ದರೆ ಊಟ ತಡವಾಗುತ್ತದೆ, ದಯವಿಟ್ಟು ಬೇಗ ಮಾಡಿ.

ಇಲ್ಲಿ ಬರೆದಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ನನ್ನ ಬಾಯಿಂದಲೇ ಬಂದದ್ದು. ವರ್ಷಾ ಅವರು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಸತ್ಯವಾಗಿದೆ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ತಬೂಕ್
ದಿನಾಂಕ: 15-02-2025, ಶನಿವಾರ, ಬೆಳಿಗ್ಗೆ 10-05
ಸಹಿ: ಶಮೀರಾ
ಬರೆದುಕೊಂಡು ಭಾಷಾಂತರಿಸಿದವರು: ವರ್ಷಾ

ಕ್ಯಾಪ್ಟನ್ ಅಬ್ದುಲ್ ಹಕೀಮ್ ಅವರ ಆದೇಶ: ರಂಜಿತ್ ಬಿಡುಗಡೆ.
ಜವಾಬ್ದಾರಿ ಹೊತ್ತು ಸಹಿ ಹಾಕಿದವರು: ಝುಹೈರ್, ಇದೇ ಪ್ರಕರಣದ ದೂರುದಾರ. ಮೊದಲು ಶಮೀರಾ ಎಂದು ಬರೆದಿದ್ದನ್ನು ಝುಹೈರ್ ಅವರೇ ಒಳಗೆ ಬಂದು ಕೇಳಿಕೊಂಡ ಮೇರೆಗೆ ಹೊಡೆದು ಹಾಕಲಾಗಿದೆ.